ಹತ್ತಿ ಹೊಲದ ಓದುಗಾರ್ತಿ

ಮಲ್ಲಟದ ಶರಣಯ್ಯನವರ ಹೊಲದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಒಡೆದ ಹತ್ತಿಯ ಮೇಲೆ ಮಂಜು ಕೂತಿದೆ. ಅದು ಆರುವವರೆಗೆ ಬಿಡಿಸುವಂತಿಲ್ಲ. ಕೂಲಿಗೆ ಬಂದ ಹೆಣ್ಣುಮಕ್ಕಳು ಬದುವಿನ ಮೇಲೆ ಸೆರಗು ಹೊದ್ದು ಕೂತಿದ್ದಾರೆ. ಅವರೆದುರು ನಿಂತ ಶೇಖಮ್ಮ ಗಂಟಲು ಸರಿಮಾಡಿಕೊಂಡು, ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ತೆರೆಯುತ್ತಾರೆ.

“ಕುಲಸ್ತ್ರೀಯು ಗಂಡನು ಉಂಡ ಬಳಿಕ ಉಣ್ಣತಕ್ಕದ್ದು. ನೆಲವನ್ನು ನೋಡುತ್ತ ನಡೆಯತಕ್ಕದ್ದು. ಗಟ್ಟಿಯಾಗಿ ನಗತಕ್ಕದ್ದಲ್ಲ.”

ಬದುವಿನ ತುಂಬ ಗಟ್ಟಿ ನಗು. “ನೆಲಾ ನೋಡಿಕೋತ ನಡದ್ರ ಹತ್ತಿ ಯಾರು ನೋಡಬೇಕ ಬೇ?” ಎಂದು ಮುಂದಿನ ಸಾಲಿನಲ್ಲಿ ಕೂತ ತಿಮ್ಮವ್ವ ಕೇಳುತ್ತಾರೆ. ದೇವದುರ್ಗದ ಕಡೆಯಿಂದ ಮಗಳ ಊರಿಗೆ ಬಂದು ನೆಲೆಸಿದ ಹಿರಿಯ ಜೀವ ಅದು. ಎಂದೋ ಯಾವನೋ ಪಂಡಿತ ಬರೆದಿಟ್ಟ ಕಟ್ಟಳೆಗೆ ಇಲ್ಲಿ ದಿನವೂ ಹೀಗೆ ಮಂಗಳಾರತಿ ಆಗುತ್ತದೆ.

ಬಿಸಿಲೇರಿದ ಮೇಲೆ ಎಲ್ಲರೂ ಸಾಲು ಹಿಡಿಯುತ್ತಾರೆ, ಶೇಖಮ್ಮ ಮಾತ್ರ ಹಿಡಿಯುವುದಿಲ್ಲ. ಅವರು ಹೆಂಗಸರ ಕಡೆಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಓದುತ್ತಾರೆ. ಕೂಲಿ ಸಿಗುವುದು ಹತ್ತಿಯ ತೂಕಕ್ಕೆ. ಓದಿದರೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಪ್ರತಿಯೊಬ್ಬರೂ ತಮ್ಮ ಉಡಿಯಿಂದ ಒಂದಿಷ್ಟು ಹತ್ತಿ ತೆಗೆದು ಶೇಖಮ್ಮನ ಚೀಲಕ್ಕೆ ಹಾಕುತ್ತಾರೆ. ಸಂಜೆ ತೂಗುವಾಗ ಅವರ ಚೀಲ ಯಾರ ಚೀಲಕ್ಕೂ ಕಡಿಮೆ ಇರುವುದಿಲ್ಲ. ಹೀಗೆ ಮಾಡಿರೆಂದು ಯಾರೂ ಯಾರಿಗೂ ಹೇಳಿದ್ದಲ್ಲ.

ಏಳನೇ ತರಗತಿಗೇ ಶಾಲೆ ಬಿಡಿಸಿ ಶೇಖಮ್ಮನ ಕೈಗೆ ಕುಡುಗೋಲು ಕೊಟ್ಟರು. ಓದಿನ ಹುಚ್ಚು ಮಾತ್ರ ಬಿಡಲಿಲ್ಲ. ಸಂತೆ ಸಾಮಾನಿಗೆ ರಾಯಚೂರಿಗೆ ಹೋದಾಗಲೆಲ್ಲ ತೀನ್ ಕಂದೀಲ್ ವೃತ್ತದ ಹತ್ತಿರದ ಸಲಾವುದ್ದೀನರ ರದ್ದಿ ಅಂಗಡಿಗೆ ಹೊಕ್ಕು ಬರುತ್ತಾರೆ. ಹೆಂಗಸರ ಬದುಕಿನ ಬಗ್ಗೆ ಬರೆದದ್ದು ಏನೇ ಬಂದರೂ ಅಂಗಡಿಯವರು ಇವರಿಗಾಗಿ ತೆಗೆದಿಡುತ್ತಾರೆ: ಅಜ್ಜಿಯರ ಕಾಲದ ನೀತಿಪುಸ್ತಕ, ಈಚಿನ ಕೂಲಿ ಹೆಣ್ಣುಮಕ್ಕಳ ಆತ್ಮಕಥೆ, ಆಸ್ತಿ ಹಕ್ಕಿನ ಕಿರುಹೊತ್ತಿಗೆ. ಗಂಡಸರ ಕತೆ ಯಾಕೆ ಬೇಡ ಎಂದರೆ, “ಅದನ್ನ ಮನ್ಯಾಗ ದಿನಾ ಕೇಳತೀವಲ್ರಿ” ಎಂದು ಶೇಖಮ್ಮ ನಗುತ್ತಾರೆ.

ಮೊದಮೊದಲು ಶರಣಯ್ಯ “ಇದೇನು ಹೊಲನೋ, ಸಾಲಿಯೋ?” ಎಂದು ಸಿಡುಕಿದ್ದುಂಟು. ಈಗ ಅವರೇ ಬದುವಿನ ಮೇಲೆ ನಿಂತು, ನಿನ್ನೆಯ ಕತೆ ಎಲ್ಲಿಗೆ ಬಂತೆಂದು ಕೇಳುತ್ತಾರೆ.

ಇಂಥ ಶೇಖಮ್ಮ ಒಮ್ಮೆ ಇಡೀ ಹೊಲಕ್ಕೆ ಸುಳ್ಳು ಓದಿದರು. ಅದೊಂದು ನೂರು ವರ್ಷ ಹಳೆಯ ಕಾದಂಬರಿ, ಎಳೆ ವಯಸ್ಸಿನ ವಿಧವೆಯ ಕತೆ. ಕೊನೆಯ ಪುಟದಲ್ಲಿ ಆಕೆ ಬಾವಿಗೆ ಹಾರುತ್ತಾಳೆ. ಎದುರಿಗೆ ತಿಮ್ಮವ್ವ, ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು, ಕಣ್ಣು ಮಿಟುಕಿಸದೆ ಕೇಳುತ್ತಿದ್ದಾರೆ. ಶೇಖಮ್ಮನ ನಾಲಿಗೆ ಏಳಲಿಲ್ಲ. ಪುಟ ನೋಡುತ್ತಲೇ ವಿಧವೆಯನ್ನು ಬಾವಿಯಿಂದ ತಿರುಗಿಸಿ, ಮಾನ್ವಿಯ ಕೆಂಪು ಬಸ್ಸು ಹತ್ತಿಸಿ, ಅಲ್ಲೊಂದು ತರಕಾರಿ ಅಂಗಡಿ ಇಡಿಸಿಬಿಟ್ಟರು. ನೂರು ವರ್ಷದ ಹಿಂದೆ ಕೆಂಪು ಬಸ್ಸು ಎಲ್ಲಿತ್ತೆಂದು ಯಾರೂ ಕೇಳಲಿಲ್ಲ.

ತಿಮ್ಮವ್ವನ ತಲೆಯಲ್ಲಿ ಆ ಬಸ್ಸು ಕೂತುಬಿಟ್ಟಿತು. ಆ ಪುಟವನ್ನು ತಾನೇ ಓದಬೇಕೆಂದು ಹಟ ಹಿಡಿದು, ಊಟದ ಬಿಡುವಿನಲ್ಲಿ ಶೇಖಮ್ಮನ ಪಕ್ಕ ಕೂತು ಅಕ್ಷರ ಕಲಿಯತೊಡಗಿದರು. ಶೇಖಮ್ಮನಿಗೆ ಉಭಯಸಂಕಟ. ಕಲಿಸದಿರಲು ಮನಸ್ಸು ಬಾರದು. ಕಲಿಸಿದರೆ ತಾವೇ ಸಿಕ್ಕಿಬೀಳುತ್ತಾರೆ. ಇವರು ಓದಿದ ಆಸ್ತಿ ಹಕ್ಕಿನ ಮಾತು ನಂಬಿ ಕೂಲಿಯ ಇಬ್ಬರು ಹೆಣ್ಣುಮಕ್ಕಳು ತವರಿನ ಹೊಲದಲ್ಲಿ ಪಾಲು ಕೇಳಿ ಪಡೆದಿದ್ದರು. ಒಂದು ಸುಳ್ಳು ಬಯಲಾದರೆ ಇನ್ನು ಯಾರು ನಂಬುತ್ತಾರೆ? ಆದರೂ ಕಲಿಸಿದರು.

ಕಳೆದ ಸುಗ್ಗಿಯಲ್ಲಿ ಪುಸ್ತಕವನ್ನು ಮನೆಗೆ ಒಯ್ದ ತಿಮ್ಮವ್ವ, ಮರುದಿನ ಎಲ್ಲರ ಮುಂದೆ ಅದನ್ನು ತೆರೆದು ಹಿಡಿದರು.

“ಬಸ್ಸು ಎಲ್ಲಿ ಅದ ಬೇ? ಇದರಾಗ ಬಾವಿ ಅದ.”

“ತಪ್ಪಾತು ಯವ್ವಾ. ನಿನ್ನ ಮುಖಾ ನೋಡಿ ಓದಾಕ ಆಗಲಿಲ್ಲ.”

ಪುಸ್ತಕ ಮಡಚಿ ಇಟ್ಟು ಸುಮ್ಮನೆ ಸಾಲು ಹಿಡಿಯುವುದೆಂದು ಶೇಖಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದ್ದರು.

“ಬಾವಿ ನನಗ ಗೊತ್ತಿಲ್ಲೇನು?” ಎಂದರು ತಿಮ್ಮವ್ವ. “ಗಂಡ ಸತ್ತಾಗ ಬಾವಿ ಕಟ್ಟಿ ಮ್ಯಾಲ ಕುಂತು, ಎದ್ದು ಬಂದಾಕಿ ನಾನು. ಬರದದ್ದು ಬರದಂಗ ಓದು. ಆಕಿ ಏನು ಮಾಡಬೇಕಿತ್ತು ಅನ್ನೋದು ನಾವು ಹೇಳತೀವಿ.”

ಹೇಳಿದ್ದಷ್ಟೇ ಅಲ್ಲ, ಆ ಕೊನೆಯ ಪುಟವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ತಾವೇ ಓದಿದರು. ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟರು. ಒಬ್ಬಳು ಆ ವಿಧವೆಗೆ ಹೊಲ ಬರೆಸಿದಳು, ಇನ್ನೊಬ್ಬಳು ಮರುಮದುವೆ ಮಾಡಿಸಿದಳು, ಮತ್ತೊಬ್ಬಳು ಬಾವಿಗೆ ಅತ್ತೆಯನ್ನೇ ನೂಕಿದಳು! ಅಂದು ಸಂಜೆಯವರೆಗೂ ಹೊಲದಲ್ಲಿ ಹಬ್ಬ. ಅಂದಿನಿಂದ ವಾರಕ್ಕೊಂದು ದಿನ ತಿಮ್ಮವ್ವನೇ ಓದುತ್ತಾರೆ. ಆ ದಿನ ಅವರ ಚೀಲ ತುಂಬುವ ಕೈಗಳಲ್ಲಿ ಶೇಖಮ್ಮನದೂ ಒಂದು.

ಸಿಕ್ಕಿಬಿದ್ದದ್ದಕ್ಕೆ ನಾಚಿಕೆ ಆಗಲಿಲ್ಲವೇ ಎಂದರೆ ಶೇಖಮ್ಮ ತಲೆ ಎತ್ತಿಯೇ ಉತ್ತರಿಸುತ್ತಾರೆ.

“ಯಾಕ ನಾಚಿಕಿ ಆಗಬೇಕ್ರಿ? ನನ್ನ ಸುಳ್ಳು ಹಿಡಿಯೋವಂಥಾ ಹೆಣ್ಮಗಳನ್ನ ನಾನೇ ತಯಾರು ಮಾಡೀನಿ. ಇನ್ನೂ ನಾಕು ಮಂದೀಗೆ ಕಲಸಾಕತ್ತೀನಿ. ಅವರೂ ಹಿಡೀಲಿ.”