ನಿಕನೋರಕ್ಕನ ಕೊಸರು

ಕಾರ್ಮೆನ್ ಆಲ್ತೊ ಕೇರಿಯ ಏರುಬೀದಿಯಲ್ಲಿ ನಿಕನೋರಕ್ಕನ ಅಂಗಡಿಗೆ ಹೆಸರಿನ ಹಲಗೆಯಿಲ್ಲ. ಅದರ ಅಗತ್ಯವೂ ಬಿದ್ದಿಲ್ಲ. ಅಯಾಕುಚೊ ಊರಿನ ಯಾವ ಮೂಲೆಯಲ್ಲಿ ನಿಂತು 'ಕೊಸರು ಕೊಡೋ ಹೆಂಗಸಿನ ಅಂಗಡಿ ಎಲ್ಲಿ' ಎಂದು ಕೇಳಿದರೂ ಜನ ಬೆಟ್ಟದ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ.

ಕೊಸರು ಎಲ್ಲ ಅಂಗಡಿಯವರೂ ಕೊಡುತ್ತಾರೆ. ಅವರ ಮಾತಿನಲ್ಲಿ ಅದಕ್ಕೆ ಯಾಪಾ ಎಂದು ಹೆಸರು. ಅದಿಲ್ಲದ ವ್ಯಾಪಾರ ಆ ಸೀಮೆಯಲ್ಲಿ ವ್ಯಾಪಾರವೇ ಅಲ್ಲ. ಒಂದು ಪೊಟ್ಟಣ ಉಪ್ಪು ಕೊಂಡವಳೂ ಅಂಗೈ ಚಾಚಿ ನಿಲ್ಲುತ್ತಾಳೆ. ಅಂಗಡಿಯವಳು ಒಂದೆಳೆ ಕೊತ್ತಂಬರಿಯೋ ಒಂದು ಹಿಡಿ ಹುರಿದ ಮುಸುಕಿನಜೋಳವೋ ಹಾಕುತ್ತಾಳೆ. ಆಗ ಕೊಂಡವಳು "ಇಷ್ಟೇನಾ?" ಎನ್ನಬೇಕು. ಹಾಗೆನ್ನದಿದ್ದರೆ ಅಂಗಡಿಯವಳಿಗೆ ಬೇಜಾರಾಗುತ್ತದೆ. "ನನ್ನ ಮನೆ ತೊಳೆದುಬಿಡ್ತೀಯ ನೀನು" ಎಂದು ಗೊಣಗುತ್ತ ಅವಳು ಇನ್ನೊಂದು ಚೂರು ಸೇರಿಸುತ್ತಾಳೆ. ಇಬ್ಬರೂ ನಗುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿಯಿತು.

ನಿಕನೋರಕ್ಕನ ತೊಂದರೆಯೆಂದರೆ ಅವಳ ಕೈಗೆ ನಿಲ್ಲುವುದೇ ಗೊತ್ತಿಲ್ಲ. ಎಳೆಯ ಹುಡುಗಿಯಾಗಿ ಮೇಲಿನ ಹಳ್ಳಿಯಿಂದ ಇಳಿದು ಬಂದು ಇಗರ್ಜಿಯ ಮೆಟ್ಟಿಲ ಮೇಲೆ ಬೇಯಿಸಿದ ಅವರೆ ಮಾರುತ್ತಿದ್ದ ಕಾಲದಿಂದಲೂ ಅದೇ ಕೈ. ಮದುವೆಯಾಗಿ, ಅಂಗಡಿಯಾಗಿ, ಮೊಮ್ಮಕ್ಕಳಾದರೂ ಅದು ಬದಲಾಗಲಿಲ್ಲ. "ಇವಳು ಅಂಗಡಿ ಇಟ್ಟಿರೋದೇ ಕೊಸರು ಕೊಡೋಕೆ, ಸಾಮಾನು ಮಾರೋದು ನೆಪ" ಎನ್ನುತ್ತಾನೆ ಗಂಡ ಅಬೆಲೀನೊ. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ. ಅವಳದೊಂದು ಮಾತಿದೆ, ಬೀದಿಯವರಿಗೆಲ್ಲ ಬಾಯಿಪಾಠ: "ತೂಗಿದ್ದು ತಕ್ಕಡಿದು, ಮೇಲೆ ಹಾಕಿದ್ದು ನಂದು. ಕೈಯಿಂದ ಕೊಟ್ಟಿದ್ದು ಯಾವತ್ತೂ ತಕ್ಕಡಿ ಹತ್ಬಾರ್ದು." ಈ ಮಾತೇ ಮುಂದೆ ಅವಳ ಕೊರಳಿಗೆ ಸುತ್ತಿಕೊಂಡಿತು.

ಆ ವರ್ಷ ಆಲೂಗಡ್ಡೆ ಕಿತ್ತ ಮೇಲೆ ಗ್ರಿಮಾಲ್ದಣ್ಣ ವ್ಯಾನಿನ ನೆತ್ತಿಯ ಮೇಲೆ ಮೂಟೆ ಹೇರಿಕೊಂಡು ಬಂದ. ಮೋಡ ತಾಗುವಷ್ಟು ಎತ್ತರದ ಹಳ್ಳಿ ಅವನದು, ನಿಕನೋರಕ್ಕ ಹುಟ್ಟಿದ್ದೂ ಅಲ್ಲೇ. ಮೂಟೆ ಬಿಚ್ಚಿದರೆ ಅಂಗಡಿಗೇ ಬಣ್ಣ ಬಂತು. ಹೊರಗೆ ಕಪ್ಪು ಒಳಗೆ ನೇರಳೆಯದು, ಕೆಂಪಿನ ನಡುವೆ ಬಿಳಿ ಉಂಗುರದ್ದು, ಮೊಟ್ಟೆಯ ಹಳದಿಯಂಥದ್ದು. ಜೊತೆಗೆ ಮೈಯೆಲ್ಲ ಗಂಟು ಗಂಟಾದ ಇನ್ನೊಂದು ಜಾತಿ, ಅದಕ್ಕೆ ಅಲ್ಲಿ 'ಸೊಸೆ ಅಳಿಸುವ ಗಡ್ಡೆ' ಎಂದೇ ಹೆಸರು. ಹೊಸ ಸೊಸೆಯ ಕೈಗೆ ಅದನ್ನೂ ಒಂದು ಚಾಕುವನ್ನೂ ಕೊಟ್ಟು ಅತ್ತೆ ಎದುರು ಕೂರುತ್ತಾಳೆ. ಸಿಪ್ಪೆ ತೆಳ್ಳಗೆ ಬಂದರೆ ಸೊಸೆ ಜಾಣೆ. ನಿಕನೋರಕ್ಕ ಸೊಸೆಯಾಗಿ ಬಂದಾಗ, ಸುಲಿದು ಮುಗಿಸುವಷ್ಟರಲ್ಲಿ ಅವಳ ಗಡ್ಡೆ ಗೋಲಿಯಷ್ಟಾಗಿತ್ತು. ಅತ್ತೆ ಬಿದ್ದು ಬಿದ್ದು ನಕ್ಕಿದ್ದರಿಂದ ಅವಳು ಬಚಾವಾದಳು.

"ಅಕ್ಕಾ, ಇದೇ ಕಡೇ ಸಲ ಇರ್ಬೋದು" ಎಂದ ಗ್ರಿಮಾಲ್ದಣ್ಣ, ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ.

"ಯಾಕೆ, ಸಾಯ್ತಾ ಇದೀಯ?"

"ನಾನಲ್ಲ, ಗಡ್ಡೆ. ಬಿಳೀದು ಹಾಕಿದ್ರೆ ಲಾರಿಯವನು ಹೊಲದ ಹತ್ರಾನೇ ಬಂದು ಎತ್ಕೊಂಡು ಹೋಗ್ತಾನೆ. ಬಣ್ಣದ್ದನ್ನ ಕೇಳೋರಿಲ್ಲ. ನಮ್ಮ ಹೆಂಗಸರೆಲ್ಲ ಸೇರಿ ಹೇಳ್ಬಿಟ್ಟಿದಾರೆ. ಈ ಸಲ ಗಿರಾಕಿ ಸಿಕ್ಕಿದ್ರೆ ಬೀಜ ಎತ್ತಿಡ್ತೀವಿ, ಇಲ್ದಿದ್ರೆ ಬೀಜಾನೂ ಬೇಯಿಸಿ ತಿಂದ್ಬಿಡ್ತೀವಿ ಅಂತ."

ಬೀಜದ ಗಡ್ಡೆ ಬೇಯಿಸುವುದೆಂದರೆ ಮುಗಿಯಿತು, ಅಜ್ಜಿಯ ಅಜ್ಜಿಯಿಂದ ಬಂದ ಜಾತಿ ಒಂದು ಮಧ್ಯಾಹ್ನದ ಊಟಕ್ಕೆ ಖಾಲಿ. ಸಂಕಟವಾದಾಗಲೆಲ್ಲ ನಿಕನೋರಕ್ಕ ಜೋರಾಗಿ ಮಾತು ಕೊಡುತ್ತಾಳೆ. "ಹೋಗಿ ಹೇಳು ಅವರಿಗೆ. ಈ ಮೂಟೇಲಿ ಒಂದು ಗಡ್ಡೆ ಉಳಿದ್ರೂ ನನ್ನ ಹೆಸರು ಬದಲಾಯಿಸಿ ಕರೀರಿ."

ಕೊಳ್ಳುವವರು ಬಂದರು, ನೋಡಿದರು, ಮೂಗು ಮುರಿದರು. ಎದುರುಮನೆಯ ಎದೆಲ್ಮಿರಾ ಗಂಟುಗಡ್ಡೆಯೊಂದನ್ನು ಎತ್ತಿ ಹಿಡಿದು, "ಇದು ಗಡ್ಡೆನೋ ನಮ್ಮಜ್ಜಿ ಮಂಡಿನೋ?" ಎಂದಳು. ಆ ಬೀದಿಯಲ್ಲಿ ಎದೆಲ್ಮಿರಾ ಏನು ಕೊಳ್ಳುತ್ತಾಳೋ ಉಳಿದವರೂ ಅದನ್ನೇ ಕೊಳ್ಳುತ್ತಾರೆ. ಅಜ್ಜಿಯ ಮಂಡಿಯನ್ನು ಯಾರೂ ಕೊಳ್ಳಲಿಲ್ಲ.

ಒಂದು ಬೆಳಗ್ಗೆ ಕೊತ್ತಂಬರಿ ಖಾಲಿಯಾಗಿತ್ತು. ಎದೆಲ್ಮಿರಾ ಮೇಣದಬತ್ತಿ ಕೊಂಡು ಅಂಗೈ ಚಾಚಿದಳು. ನಿಕನೋರಕ್ಕನ ಕೈ ತಾನಾಗಿ ಮೂಟೆಗೆ ಹೋಗಿ ಒಂದು ಕಪ್ಪು ಗಡ್ಡೆ ಎತ್ತಿ ಹಾಕಿತು. "ಇಷ್ಟೇನಾ?" ಎಂದಳು ಎದೆಲ್ಮಿರಾ, ಅಭ್ಯಾಸಬಲ. ಇನ್ನೊಂದು ಬಿತ್ತು. ಮಧ್ಯಾಹ್ನ ಅವಳ ಮನೆಯ ಸಾರು ನೇರಳೆಯಾಯಿತು, ಘಮ ಬೀದಿ ದಾಟಿತು. ಮರುದಿನ ಎದೆಲ್ಮಿರಾಳಿಗೆ ಇದ್ದಕ್ಕಿದ್ದಂತೆ ಇನ್ನೊಂದು ಮೇಣದಬತ್ತಿ ಬೇಕಾಯಿತು.

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಇಡೀ ಬೀದಿಗೆ ಹುಚ್ಚು ಹಿಡಿಯಿತು. ಸಕ್ಕರೆಯನ್ನು ಮೂಟೆಗಟ್ಟಲೆ ಒಯ್ಯುತ್ತಿದ್ದವಳು ಲೋಟದಷ್ಟು ಕೊಂಡು ದಿನಕ್ಕೆ ಹಲವು ಸಲ ಬಂದಳು. ಬೆಂಕಿಪೊಟ್ಟಣ ಕೊಂಡವನು ಮನೆಗೆ ಹೋಗಿ ಟೋಪಿ ಬದಲಾಯಿಸಿಕೊಂಡು ಮತ್ತೊಂದು ಬೆಂಕಿಪೊಟ್ಟಣಕ್ಕೆ ಬಂದ. ಬಿಳಿ ಉಂಗುರದ್ದು ತನಗೆ ಬರಲಿಲ್ಲವೆಂದು ಇಬ್ಬರು ವಾರಗಿತ್ತಿಯರು ಮಾತು ಬಿಟ್ಟರು. ನಿಕನೋರಕ್ಕ ಮೂಟೆ ಇಳಿಯುವುದನ್ನೇ ನೋಡುತ್ತ, "ಹೋಗ್ತಾ ಇದೆ ಅಬೆಲೀನೊ, ಹೋಗ್ತಾ ಇದೆ" ಎಂದು ಕುಣಿದಾಡಿದಳು. ನಗುವಾಗ ಜಾರುವ ಅವಳ ಟೋಪಿ ಆ ವಾರವೆಲ್ಲ ತಲೆಯ ಮೇಲೆ ನಿಲ್ಲಲೇ ಇಲ್ಲ.

ಗ್ರಿಮಾಲ್ದಣ್ಣ ಉಳಿದ ಮೂಟೆಗಳನ್ನು ಹೇರಿಕೊಂಡು ಎರಡನೆಯ ಸಲ ಬಂದಾಗ ಮೂಲೆಯಲ್ಲಿ ಖಾಲಿ ಚೀಲಗಳಿದ್ದವು. ಅವನು ಅವುಗಳನ್ನು ಮಗ್ಗುಲು ತಿರುವಿ ನೋಡಿದ, ಕೊಡವಿ ನೋಡಿದ. ಆಮೇಲೆ ನಿಕನೋರಕ್ಕನ ಎರಡೂ ಕೈ ಹಿಡಿದು ಅಂಗಡಿಯೊಳಗೇ ಒಂದು ಸುತ್ತು ಕುಣಿದ. ಅವಳೂ ಕುಣಿದಳು.

"ಯಾರ್ಯಾರು ಕೊಂಡ್ರು ಅಕ್ಕಾ? ನಮ್ಮ ಹೆಂಗಸರು ಕೇಳ್ತಾರೆ, ಹೆಸರು ಹೇಳು."

ನಿಕನೋರಕ್ಕ ಹೆಸರು ಹೇಳಲು ಬಾಯಿ ತೆರೆದಳು. ಬೀದಿಯವರೆಲ್ಲ ಗಡ್ಡೆ ತಿಂದಿದ್ದರು. ಕೊಂಡವರು ಒಬ್ಬರೂ ಇರಲಿಲ್ಲ. ಇಷ್ಟು ದಿನ ಅದು ಅವಳ ತಲೆಗೇ ಹೋಗಿರಲಿಲ್ಲ.

"ಕೊಂಡಿದ್ದಲ್ಲ ಅಣ್ಣಾ. ಕೊಸರು ಕೊಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ಅಬೆಲೀನೊ ಕೆಮ್ಮಿದಂತೆ ಮಾಡಿ ಹೊರಗೆ ಹೋದ. ನಿಕನೋರಕ್ಕ ತನ್ನ ಪೆಟ್ಟಿಗೆ ಎಳೆದು, "ಪೂರ್ತಿ ದುಡ್ಡು ನಾನೇ ಕೊಡ್ತೀನಿ, ಹಿಡಿ" ಎಂದಳು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ನಿನ್ನ ಪೆಟ್ಟಿಗೆ ಒಂದು ಸಲ ಬರಿದಾಗುತ್ತೆ. ಮುಂದಿನ ವರ್ಷ? ಗಿರಾಕಿ ಬೇಕು ಅಕ್ಕಾ. ಪುಕ್ಸಟ್ಟೆ ಕೊಟ್ರೆ ಬೇಡ ಅನ್ನೋರು ಯಾರು?" ತಂದ ಮೂಟೆಗಳನ್ನು ಇಳಿಸಿದ. "ಭಾನುವಾರ ಬರ್ತೀನಿ. ಅಲ್ಲೀವರೆಗೂ ಬೀಜ ಬೇಯಿಸ್ಬೇಡಿ ಅಂತ ಹೇಳಿರ್ತೀನಿ. ನನ್ನ ಮಾತು ಎಷ್ಟು ಕೇಳ್ತಾರೋ."

ಅವಳು ಮೂಟೆಯ ಮೇಲೆ ಬೆಲೆ ಬರೆದು ಚುಚ್ಚಿದಳು. ಬೀದಿ ಕೆರಳಿತು.

"ಕೊಸರಿಗೂ ಕಾಸಾ?" ಎಂದಳು ಎದೆಲ್ಮಿರಾ. "ಕೈಯಿಂದ ಕೊಟ್ಟಿದ್ದು ತಕ್ಕಡಿ ಹತ್ಬಾರ್ದು ಅಂತ ಯಾರು ಹೇಳ್ತಿದ್ರು? ನಾನಾ?"

ತಾನು ತೋಡಿದ ಹಳ್ಳದಲ್ಲಿ ನಿಕನೋರಕ್ಕ ಕುತ್ತಿಗೆವರೆಗೆ ಇಳಿದಿದ್ದಳು. ವಾರವೆಲ್ಲ ಯಾರೂ ಗಡ್ಡೆ ಕೊಳ್ಳಲಿಲ್ಲ. ಉಪ್ಪು ಕೊಂಡು, ಅಂಗೈ ಚಾಚಿ, ಕಣ್ಣು ಮಾತ್ರ ಮೂಟೆಯ ಕಡೆ ಹೊರಳಿಸಿ ನಿಲ್ಲುತ್ತಿದ್ದರು. ಅವಳ ಟೋಪಿ ನೆಟ್ಟಗೆ ಕೂತುಬಿಟ್ಟಿತ್ತು.

ಭಾನುವಾರ ಬೆಳಗ್ಗೆ ಎದೆಲ್ಮಿರಾ ಓಡುತ್ತ ಬಂದಳು. ಅವಳ ಹೊಸ ಸೊಸೆಯ ಅಪ್ಪ ಅಮ್ಮ ಮೊದಲ ಸಲ ಊಟಕ್ಕೆ ಬರುವವರಿದ್ದರು. ನೇರಳೆ ಸಾರಿನ ವಿಷಯ ಸೊಸೆ ತವರಿನಲ್ಲಿ ಬಾಯಿತುಂಬ ಹೇಳಿಬಿಟ್ಟಿದ್ದಳು. ಎದೆಲ್ಮಿರಾ ಉಪ್ಪು ಕೊಂಡಳು, ಬೆರಳು ಬಾಗಿಸಿ ಅಂಗೈ ಚಾಚಿದಳು. ನಿಕನೋರಕ್ಕನ ಕೈ ಕಪ್ಪು ಗಡ್ಡೆಯ ಕಡೆ ಹೊರಟಿತು. ಎಡಗೈಯಿಂದ ಅವಳು ಬಲಗೈಗೆ ಒಂದು ಬಿಗಿದಳು. ಪೆಟ್ಟು ತಿಂದ ಕೈ ಪಕ್ಕದ ಬುಟ್ಟಿಗೆ ತಿರುಗಿ, ಲಾರಿಯವನು ತಂದ ಬಿಳಿ ಗಡ್ಡೆಯೊಂದನ್ನು ಎತ್ತಿ ಹಾಕಿತು.

"ಇದೇನಿದು?"

"ಕೊಸರು. ಇವತ್ತಿಂದ ಬಿಳೀದು ಕೈಲಿ, ಬಣ್ಣದ್ದು ತಕ್ಕಡೀಲಿ."

"ನಿನ್ನ ಮಾತು?"

"ಕೈಲಿ ಕೊಟ್ಟ ಗಡ್ಡೆನ ನೀವು ತಿಂದು ಮುಗಿಸಿದ್ರಿ. ಈ ಮೂಟೆಗೆ ನನ್ನ ಕೈ ಇನ್ನೂ ತಾಗಿಲ್ಲ. ತಾಗಕ್ಕೆ ಹೊರಟಾಗ ಹೊಡೆದೆ, ನೀನೇ ನೋಡಿದೆಯಲ್ಲ."

ಎದೆಲ್ಮಿರಾ ಸೊಂಟದ ಮೇಲೆ ಕೈಯಿಟ್ಟಳು. ನಿಕನೋರಕ್ಕ ಬೆಟ್ಟದ ಕಡೆ ಗಲ್ಲ ಎತ್ತಿದಳು. "ನೀನು ಕೊಳ್ದಿದ್ರೆ ಇವತ್ತು ಮೇಲಿನ ಹಳ್ಳೀಲಿ ಬೀಜ ಬೇಯಿಸಿ ತಿಂತಾರೆ, ಎದೆಲ್ಮಿರಾ. ಬರೋ ವರ್ಷ ಕೊಸರೂ ಇಲ್ಲ, ಸಾರೂ ಇಲ್ಲ, ಈ ಗಡ್ಡೆನೇ ಇಲ್ಲ."

ಎದೆಲ್ಮಿರಾ ಸೊಂಟದಿಂದ ಕೈ ತೆಗೆದಳು. "ಇಷ್ಟು ದಿನ ಇದನ್ನ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

ನಿಜವೇ. ಪ್ರಪಂಚದ ಸುದ್ದಿಯನ್ನೆಲ್ಲ ಹಂಚಿದವಳು ಇದೊಂದನ್ನು ಹೇಳಿರಲಿಲ್ಲ.

"ಒಂದು ಮೂಟೆ ಪೂರ್ತಿ ತೂಗು" ಎಂದಳು ಎದೆಲ್ಮಿರಾ. "ಆದ್ರೆ ಮೂಟೆಗೆ ತಕ್ಕ ಕೊಸರು ಬೇಕು ನಂಗೆ. ಬಿಳೀದು ಒಪ್ಪಲ್ಲ."

"ಇನ್ನೇನು ಕೊಡ್ಲಿ, ನನ್ನ ತಲೆನಾ?"

"ಪೂರ್ತಿ ನೀನೇ ಬಾ. ಬೀಗರು ಬರೋ ಹೊತ್ತಿಗೆ ಈ ಗಂಟುಗಡ್ಡೆ ಸುಲೀಬೇಕು. ನನ್ನ ಸೊಸೆ ಮುಟ್ಟಲ್ವಂತೆ, ಅತ್ತೆನೇ ಸುಲೀಲಿ ಅಂತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ಬಾಗಿಲಲ್ಲಿ ನಿಂತಿದ್ದವರು ಗೊಳ್ಳೆಂದರು. ನಿಕನೋರಕ್ಕನ ಟೋಪಿ ಜಾರಿ ಅಕ್ಕಿಯ ಡಬ್ಬಕ್ಕೆ ಬಿತ್ತು. ಎದೆಲ್ಮಿರಾ ಮೂಟೆಯನ್ನೇ ಕೊಂಡಳೆಂದ ಮೇಲೆ ಮಿಕ್ಕವರು ಬುಟ್ಟಿ, ಲಂಗದ ಮಡಿಲು, ಮಗುವಿನ ಸ್ನಾನದ ತೊಟ್ಟಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದರು. ಮಾತು ಬಿಟ್ಟಿದ್ದ ವಾರಗಿತ್ತಿಯರು ಕೂಡಿ ಒಂದು ಮೂಟೆ ಎಳೆದುಕೊಂಡರು. ಅಬೆಲೀನೊ ತೂಗಿದ, ಅವನ ಕೈ ಬಿಗಿ. "ಇಷ್ಟೇನಾ?" ಎಂದವರಿಗೆಲ್ಲ ಅವನು ಮುಖ ತಿರುಗಿಸಿ ಬಿಳಿ ಗಡ್ಡೆ ಕೊಟ್ಟ.

ಗ್ರಿಮಾಲ್ದಣ್ಣ ಬಂದಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ಹಾಗಾದದ್ದು ಅದೇ ಮೊದಲು. ಎದುರುಮನೆಯ ಅಂಗಳದಿಂದ ನಗು ಕೇಳಿ ಇಣುಕಿದ. ನಿಕನೋರಕ್ಕ ಸಿಪ್ಪೆಯ ರಾಶಿಯ ನಡುವೆ ಕೂತು ಗಂಟುಗಡ್ಡೆ ಸುಲಿಯುತ್ತಿದ್ದಳು. ಸೊಸೆಯ ಅಮ್ಮ ಒಂದು ಸಿಪ್ಪೆಯನ್ನು ಬೆಳಕಿಗೆ ಹಿಡಿದು, "ಇಷ್ಟು ದಪ್ಪ ಸುಲಿಯೋಳನ್ನ ಯಾವ ಪುಣ್ಯಾತ್ಗಿತ್ತಿ ಸೊಸೆ ಮಾಡ್ಕೊಂಡ್ಲೋ" ಎನ್ನುತ್ತಿದ್ದಳು. ಅವನನ್ನು ಕಂಡು ನಿಕನೋರಕ್ಕ ಚಾಕು ಬಿಟ್ಟೆದ್ದಳು. ಮಡಿಲಿನಿಂದ ಹಣದ ಗಂಟು ತೆಗೆದು ಅವನ ಕೈಗೆ ತುರುಕಿದಳು. ಆಮೇಲೆ ಅಂಗಳದ ಒಬ್ಬೊಬ್ಬರನ್ನೂ ತೋರಿಸುತ್ತ ಉಸಿರು ಕಟ್ಟಿ ಹೆಸರು ಹೇಳಿದಳು, ಹೆಸರು ಹೆಸರಾಗಿ, ಕೊಂಡವರದ್ದು.

ಅವನು ಎಲ್ಲವನ್ನೂ ಕೇಳಿಸಿಕೊಂಡ. "ಹಾಕ್ತೀವಿ ಬಿಡು" ಎಂದ. "ಬಣ್ಣದ್ದೇ ಹಾಕ್ತೀವಿ." ಆಮೇಲೆ ಹೊದ್ದ ಪೊಂಚೊ ಕಂಬಳಿಯೊಳಗೆ ಕೈ ಹಾಕಿ ಮೊಳಕೆಯೊಡೆದ ಒಂದು ಕಪ್ಪು ಗಡ್ಡೆ ತೆಗೆದ. ಬೀಜದ ಗಡ್ಡೆ. ಬೇಯುವುದು ಬೇಡವೆಂದು ಹೆಂಗಸರ ಕಣ್ಣು ತಪ್ಪಿಸಿ ತಂದದ್ದು. ಅದನ್ನು ಅವಳ ಒದ್ದೆ ಅಂಗೈಯಲ್ಲಿಟ್ಟ.

"ಇದ್ಯಾಕೆ? ಲೆಕ್ಕ ಮುಗೀತಲ್ಲ."

"ಲೆಕ್ಕದ್ದಲ್ಲ ಅಕ್ಕಾ. ಕೊಸರು."

ಊರಿಗೆಲ್ಲ ಕೊಸರು ಕೊಟ್ಟವಳು ಆ ಗಡ್ಡೆಯನ್ನೇ ನೋಡುತ್ತ ನಿಂತಳು. ಅಂಗಡಿಯವಳಿಗೆ ಯಾರು ಕೊಸರು ಕೊಡುತ್ತಾರೆ? ಇಷ್ಟು ವರ್ಷಗಳಲ್ಲಿ ಒಬ್ಬರೂ ಕೊಟ್ಟಿರಲಿಲ್ಲ, ಅವಳಿಗೂ ಅದು ಹೊಳೆದಿರಲಿಲ್ಲ. ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಅದನ್ನು ಮೊಣಕೈಯಿಂದ ಒರೆಸಿಕೊಂಡು, ಅಂಗೈ ಹಾಗೇ ಚಾಚಿ ಅವಳು ಹೇಳಿದಳು:

"ಇಷ್ಟೇನಾ?"