ನಿಲ್ದಾಣದ ಕ್ಯಾಮೆರಾದಲ್ಲಿ ಸಿಕ್ಕ ಅವ್ವ

ನಾನು ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಹಾಗಾಗಿ ನನ್ನ ಸ್ಕೂಟಿ ವಾರವೆಲ್ಲ ಮನೆಯಲ್ಲೇ ಇರುತ್ತದೆ. ಒಂದು ಗುರುವಾರ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಾಗ ಫೋನಿಗೆ ಸಂದೇಶ ಬಂತು: ನಿಮ್ಮ ವಾಹನ ಸೊಲ್ಲಾಪುರ ರೈಲು ನಿಲ್ದಾಣದ ಪಾರ್ಕಿಂಗ್ ಒಳಗೆ ಬಂದಿದೆ.

ಅಲ್ಲಿ ಚೀಟಿ ಹರಿದು ಕೊಡುವುದು ನಿಂತು, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದು ವಾರವೂ ಆಗಿರಲಿಲ್ಲ. ಹಿಂದಿನ ಭಾನುವಾರ ನಾನೇ ಆ ಪಾರ್ಕಿಂಗಿನ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿದ್ದೆ. ಆದರೆ ಗಾಡಿ ಅಲ್ಲಿಗೆ ಹೋದದ್ದು ಹೇಗೆ? ಅಪ್ಪ ಬೋರಾಮಣಿಯ ಹೊಲಕ್ಕೆ ಹೋಗಿದ್ದ. ಮನೆಯಲ್ಲಿ ಅವ್ವ ಒಬ್ಬಳೇ. ಫೋನ್ ಮಾಡಿದರೆ ಎತ್ತಲಿಲ್ಲ. ಗಾಡಿ ಕದ್ದ ಕಳ್ಳರು ಅವಳಿಗೂ ಏನೋ ಮಾಡಿರಬೇಕೆಂದುಕೊಂಡೆ. ಮನೆಗಿಂತ ನಿಲ್ದಾಣವೇ ಹತ್ತಿರ, ಓಡಿದೆ.

ಪಾರ್ಕಿಂಗ್ ನೋಡಿಕೊಳ್ಳುವ ಹಿರಿಯರು ಕಂಪ್ಯೂಟರಿನಲ್ಲಿ ಫೋಟೋ ತೆಗೆದರು.

"ಚೋರಿ ಆಗಿಲ್ಲ ಅಕ್ಕಾರ. ಇವ್ರು ಯಾರ್ ನೋಡ್ರಿ, ಗುರ್ತ ಅದಾರೇನು?"

ಹೆಲ್ಮೆಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹ್ಯಾಂಡಲ್ ಹಿಡಿದ ಹಸಿರು ಬಳೆಯ ಕೈ. ಅವ್ವ. ಸೈಕಲ್ಲನ್ನೂ ಹತ್ತಿದವಳಲ್ಲ ನನ್ನ ಅವ್ವ. ಪರದೆಯನ್ನೇ ನೋಡುತ್ತ ಅವರ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅಲ್ಲೇ ಕಾದೆ. ಸಂಜೆಯ ರೈಲಿಗೆ ಅವಳು ಬಂದಿಳಿದಳು. ನನ್ನನ್ನು ಕಂಡವಳೇ ನಿಂತಳು.

"ಎಲ್ಲಿಗೆ ಹೋಗಿದ್ದಿ ಅವ್ವಾ?"

"ಅಕ್ಕಲಕೋಟಕ್ಕ. ನಿಮ್ಮ ಚಿಗವ್ವಗ ಲಕ್ವಾ ಹೊಡದು ನಾಕು ತಿಂಗಳಾತು. ಜಳಕಾ ಮಾಡ್ಸಾಕ ಯಾರೂ ಇಲ್ಲ. ಗುರುವಾರಕ್ಕೊಮ್ಮಿ ಹೋಗಿ ಬರಾಕತ್ತೀನಿ."

ಚಿಕ್ಕಪ್ಪನ ಜೊತೆ ಹೊಲದ ಜಗಳವಾದಾಗ, ಆ ಮನೆಯ ಹೊಸ್ತಿಲು ತುಳಿಯಬಾರದೆಂದು ಅಪ್ಪ ಹೇಳಿ ಹದಿನೈದು ವರ್ಷವಾಗಿತ್ತು. ಚಿಗವ್ವ ಹಾಸಿಗೆ ಹಿಡಿದದ್ದೇ ನನಗೆ ಗೊತ್ತಿರಲಿಲ್ಲ.

"ಮತ್ತ ಗಾಡಿ?"

"ರಿಕ್ಷಾ ಲಗೂನ ಸಿಗೂದಿಲ್ಲ. ನಿಮ್ಮಪ್ಪ ಬರೂದರಾಗ ಮನಿ ಮುಟ್ಟಬೇಕಲ್ಲ." ಪರ್ಸಿನಿಂದ ಲೈಸೆನ್ಸ್ ತೆಗೆದು ಕೊಟ್ಟಳು. ಅದರಲ್ಲಿ ಅವಳದೇ ಫೋಟೋ.

ಮನೆಯಲ್ಲಿ ಊಟಕ್ಕೆ ಕುಳಿತಾಗ, ರೊಟ್ಟಿ ನೀಡುತ್ತ ಅವ್ವ ತಾನಾಗಿಯೇ ಎಲ್ಲ ಹೇಳಿದಳು. ಅಪ್ಪನ ಕೈ ತಾಟಿನಲ್ಲೇ ನಿಂತಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ಆದರೆ ಕೇಳಿದ್ದು ಇಷ್ಟೇ:

"ಗಾಡಿ ಯಾರ್ ಕಲಿಸಿದ್ರು?"

"ಬಾಜೂ ಮನಿ ಟೀಚರು."

ಅಪ್ಪ ರೊಟ್ಟಿ ಮುರಿದು ಊಟ ಮುಂದುವರಿಸಿದ.

ಮುಂದಿನ ಗುರುವಾರ ಅಪ್ಪ ಹೊಲಕ್ಕೆ ಹೋಗದೆ ಅವ್ವನ ಹಿಂದೆ ಸ್ಕೂಟಿಯ ಮೇಲೆ ಕುಳಿತ. ಅಕ್ಕಲಕೋಟಕ್ಕೆ ಮಾತ್ರ ಹೋಗಲಿಲ್ಲ. ಅವಳು ತಿರುಗಿ ಬರುವ ತನಕ ನಿಲ್ದಾಣದ ಕಟ್ಟೆಯ ಮೇಲೇ ಇದ್ದನಂತೆ.