ಘಟ್ಟದ ಏರಿಗೆ ಅತ್ತೆಯ ಬಿಡಾರ

ನಮ್ಮ ಅತ್ತೆಯವರ ಮೀನಖಂಡಗಳು ಕೊನೆಯವರೆಗೂ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಬಟ್ಟೆ ಒಗೆಯಲು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ನಿಂತರೆ ಅರವತ್ತು ದಾಟಿದ ಹೆಂಗಸಿನ ಕಾಲುಗಳೆಂದು ಯಾರೂ ಹೇಳುವಂತಿರಲಿಲ್ಲ. ಬಲಗಾಲಿನ ಒಳಮಗ್ಗುಲಲ್ಲಿ ಸಾಲಾಗಿ ಹಲ್ಲು ಮೂಡಿದಂಥ ಹಳೆಯ ಗಾಯದ ಕಲೆಯೊಂದಿತ್ತು. ನಾನು ಮದುವೆಯಾಗಿ ಬಮ್ಮಿಗಟ್ಟಿಗೆ ಬಂದ ಹೊಸತರಲ್ಲಿ ಅದನ್ನು ಕಂಡು, "ನಾಯಿ ಕಡದಿತ್ತೇನ್ರಿ ಅತ್ತ್ಯಾರ?" ಎಂದು ಕೇಳಿದ್ದೆ. "ನಾಯಿ ಯಾಕ ಕಡೀತೈತಿ ಬೇ, ಸೈಕಲ್ ಕಡದೈತಿ," ಎಂದು ಹೆಮ್ಮೆಯಿಂದ ಕಾಲು ಮುಂದೆ ಚಾಚಿ ತೋರಿಸಿದರು.

ಬೇರೆ ಅತ್ತೆಯರು ಸೊಸೆಗೆ ಹೋಳಿಗೆ ಕಲಿಸುತ್ತಾರೆ, ಮನೆತನದ ರೀತಿ ರಿವಾಜು ಕಲಿಸುತ್ತಾರೆ. ಇವರು ನನಗೆ ಸೈಕಲ್ ಕಲಿಸಿದರು. ನಾನು ಪಕ್ಕದ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬಸ್ಸು ನಂಬಿ ಕೂತರೆ ಪ್ರಾರ್ಥನೆ ಮುಗಿದ ಮೇಲೆಯೇ ನಾನು ಶಾಲೆ ಮುಟ್ಟುವುದು. ಒಂದು ದಿನ ಅತ್ತೆ ಯಾರದೋ ಸೈಕಲ್ ಕೇಳಿ ತಂದು, "ಹತ್ತು," ಎಂದರು. ನಾನು ಹತ್ತಿದೆ, ಬಿದ್ದೆ, ಮತ್ತೆ ಹತ್ತಿದೆ. ಅವರು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದರು. ಕಟ್ಟೆಯ ಮೇಲಿನ ಗಂಡಸರಿಗೆ ಪುಕ್ಕಟೆ ನಾಟಕ. ಅತ್ತೆ ಓಡುತ್ತಲೇ, "ನಗರ್ರಿ, ನಗರ್ರಿ! ನಾಳೆ ನಿಮ್ಮ ಸೊಸ್ತ್ಯಾರನ್ನೂ ಕರಕೊಂಡ್ ಬರ್ರಿ, ಅವರಿಗೂ ಕಲಸ್ತೀನಿ," ಎಂದು ಕೂಗಿದರು. ಕಟ್ಟೆ ಗಪ್ ಆಯಿತು.

ಒಂದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಶಾಲೆಯ ದಾರಿಯಲ್ಲಿ ಕೆರೆಯ ಹತ್ತಿರ ಸಣ್ಣದೊಂದು ಏರು ಬರುತ್ತದೆ. ಅಲ್ಲಿಗೆ ಬಂದರೆ ಸಾಕು, ಜೊತೆಗೆ ಬರುತ್ತಿದ್ದ ಅತ್ತೆ, "ಇಳಿ ಬೇ, ತಳ್ಳಿಕೊಂಡ್ ಹೋಗೂಣು," ಎನ್ನುತ್ತಿದ್ದರು. ನಾನು ಚೆನ್ನಾಗಿ ಕಲಿತ ಮೇಲೂ ಅದೇ ಮಾತು. ಕೊನೆಗೆ ಒಂದು ದಿನ, "ಯಾಕ್ರಿ ಅತ್ತ್ಯಾರ, ಈ ದಿಬ್ಬಕ್ಕ ಇಷ್ಟ್ಯಾಕ ಅಂಜತೀರಿ?" ಎಂದು ಕೇಳಿಯೇಬಿಟ್ಟೆ. ಅವರು ದಂಡೆಯ ಕಲ್ಲಿನ ಮೇಲೆ ಕೂತು ತಮ್ಮ ಕಥೆ ಹೇಳಿದರು.

ಅವರ ತವರು ಕುಂದಗೋಳ. ಸುತ್ತಲೂ ಎರೆಹೊಲ, ರಸ್ತೆ ಅಂಗೈಯ ಹಾಗೆ ಸಪಾಟು. ಅಣ್ಣನ ಸೈಕಲ್ಲನ್ನು ಕದ್ದು ಕಲಿತ ಹುಡುಗಿ ತಾಲೂಕಿನ ದಸರಾ ಆಟಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ರಾಜ್ಯದ ತಂಡಕ್ಕೆ ಆರಿಸುವ ರೇಸು ಧಾರವಾಡದಲ್ಲಿ ಇತ್ತು. ಅಲ್ಲಿಯೂ ಮುಂದೆ ಇದ್ದವರು ಇವರೇ, ಏರು ಬರುವ ತನಕ. "ಹುಟ್ಟಿದಾಗಿಂದ ಏರು ಕಂಡಾಕಿ ಅಲ್ಲ ನಾ. ಎದಿ ಒಡದಂಗ ಆತು. ಒಂದ್ ಗಳಿಗಿ ಉಸರ ತಗೊಳ್ಳೂಣು ಅಂತ ಇಳದೆ. ಅಷ್ಟರಾಗ ನಮ್ಮಣ್ಣ ಯಾರದೋ ಮೋಟಾರ್‌ಸೈಕಲ್ ಮ್ಯಾಲೆ ಹಿಂದಿಂದ ಬಂದಾ. ಮಂದಿ ನಗಾಕತ್ತಿದ್ರು. 'ಮಾನ ಕಳದಿ, ನಡಿ ಮನೀಗೆ,' ಅಂತ ಸೈಕಲ್ ಕಸಗೊಂಡಾ."

ಅದೇ ವರ್ಷ ಮದುವೆ. ರೇಸು ಅಲ್ಲಿಗೆ ಮುಗಿಯಿತು. ಆದರೆ ತವರಿನವರು ಮುಗಿಯಗೊಡಲಿಲ್ಲ. 'ಏರಿಗೆ ಇಳದಾಕಿ' ಎಂಬುದು ಅತ್ತೆಯ ಹೆಸರೇ ಆಗಿಹೋಯಿತು. ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟರೂ ಅದೇ, ಹಾಡು ನಡುವೆ ಮರೆತರೂ ಅದೇ. ನಾನೇ ಕುಂದಗೋಳದ ಒಂದು ಮದುವೆಯಲ್ಲಿ ಆ ಅಣ್ಣ ಇಡೀ ಪಂಕ್ತಿಯ ಮುಂದೆ ಹಾಗೆಂದದ್ದನ್ನು ಕೇಳಿದ್ದೇನೆ. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತು ಕೆರೆಯ ದಂಡೆಯಲ್ಲಿ ಅತ್ತೆ ಕೊನೆಗೆ ಹೇಳಿದ್ದು ಇಷ್ಟು: "ಖರೇ ಖರೇ ರೇಸಿನವರು ಏರು ಹೆಂಗ ತುಳೀತಾರ, ಇಳೀಲಾರದ ಹೆಂಗ ಹೋಗತಾರ, ಒಮ್ಮೆ ಬಾಜೂಕ ನಿಂತು ನೋಡಬೇಕಂತ ಭಾಳ ಆಶಾ ಐತಿ ನೋಡ ಯವ್ವಾ."

ಮುಂದೆ ನನ್ನ ಕೈಗೆ ಮೊಬೈಲು ಬಂತು, ವಿದೇಶದ ರೇಸುಗಳು ನಮ್ಮ ಪಡಸಾಲೆಗೆ ಬಂದವು. ಸಂಜೆ ಹೊತ್ತು ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ನೋಡುವರು. "ಆ ಹಳದಿ ಅಂಗಿಯಾಂವ ಅಗದಿ ಜಾಣ. ಗಾಳಿ ಎಲ್ಲಾ ಮುಂದಿನಾಂವಗ ಕೊಟ್ಟು ತಾ ಹಿಂದ ಆರಾಮ ಕುಂತಾನ," ಎಂದು ವ್ಯಾಖ್ಯಾನ ಬೇರೆ. ಒಮ್ಮೆ ಪರದೆಯ ಮೇಲೆ ಘಟ್ಟದ ಏರು ಬಂತು. ರಸ್ತೆಯ ಎರಡೂ ಕಡೆ ಡೇರೆ, ಕುರ್ಚಿ, ಒಲೆ, ಹೊಗೆ, ಕುಣಿಯುವ ಜನ.

"ಇವರ್ಯಾರ ಬೇ?"

"ರೇಸ್ ನೋಡಾಕ ಬಂದವರ್ರಿ. ನಾಕ್ ದಿನ ಮೊದಲ ಬಂದು ಇಲ್ಲೇ ಇರತಾರಂತ."

ಅತ್ತೆ ಮೊರ ಕೆಳಗಿಟ್ಟರು. "ಅಂದ್ರ ಬಿಡಾರ ಹೂಡತಾರ. ಇದೇನ್ ದೊಡ್ಡ ಮಾತು? ಬಿಡಾರ ಹೂಡೋದು ನಮಗ್ಯಾರು ಕಲಸಬೇಕು?"

ಮಾತು ಸುಳ್ಳಲ್ಲ. ನಮ್ಮ ಕಡೆ ಹಿಂದೆ ಸವಾರಿ ಬಂಡಿ ಕಟ್ಟಿಕೊಂಡು ದೂರದ ದೇವರಿಗೆ ಹೋಗುವ ವಾಡಿಕೆ ಇತ್ತು. ದಾರಿಯುದ್ದಕ್ಕೂ ಬಿಡಾರ, ಮೂರು ಕಲ್ಲಿನ ಒಲೆ, ಗಂಟಿನಲ್ಲಿ ಬುತ್ತಿ. ಮಾವ ಇದ್ದಾಗ ಅತ್ತೆ ಎಷ್ಟೋ ಸಲ ಹಾಗೆ ಹೋಗಿ ಬಂದಿದ್ದರು. ಹೀಗಾಗಿ ಮಹಾರಾಷ್ಟ್ರದ ಘಟ್ಟಗಳಲ್ಲಿ ವಿದೇಶಿ ತಂಡಗಳ ದೊಡ್ಡ ರೇಸು ನಡೆಯುತ್ತದೆಂಬ ಸುದ್ದಿಯನ್ನು ನಾನು ಓದಿ ಹೇಳಿದ ದಿನವೇ ಅವರೊಳಗೆ ಬಂಡಿ ಹೂಡಿ ಆಗಿತ್ತು. "ಹೋಗೂಣು" ಎಂದರು. ಕೇಳಿದ್ದಲ್ಲ, ಹೇಳಿದ್ದು.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ದೇವಿಕೊಪ್ಪದ ಚಾಚಾ ಅವರ ಸಣ್ಣ ಗೂಡ್ಸ್ ಗಾಡಿ ಗೊತ್ತು ಮಾಡಿದ್ದಾಯಿತು. ನಮ್ಮ ಭತ್ತ ಸಾಗಿಸುವವರು ಅವರೇ, ಮನೆಯ ಮನುಷ್ಯನ ಹಾಗೆ. ನಮ್ಮ ಮನೆಯವರು ಉತ್ಸಾಹದಿಂದ ಒಂದು ನೀಲಿ ಡೇರೆ ತರಿಸಿ ಅಂಗಳದಲ್ಲಿ ಬಿಚ್ಚಿದರು. ಅತ್ತೆ ಬಗ್ಗಿ ಒಳಗೆ ಇಣುಕಿ, "ಲೇ ತಮ್ಮಾ, ಇದರಾಗ ನಮ್ಮ ಎಮ್ಮಿ ಕರಾನೂ ಹಿಡಿಯಂಗಿಲ್ಲ. ತಾಡಪತ್ರಿ ತಗೋ," ಎಂದರು. ಅಲ್ಲಿಗೆ ಡೇರೆಯ ಕಥೆ ಮುಗಿಯಿತು, ಭತ್ತದ ರಾಶಿ ಮುಚ್ಚುವ ದೊಡ್ಡ ತಾಡಪತ್ರಿಯೇ ಗಾಡಿ ಹತ್ತಿತು. ಕಟಕ ರೊಟ್ಟಿ ಬಡಿದು ಒಣಗಿಸಿದರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿದರು, ಗೋದಿ ಬೆಲ್ಲದ ಮಾದಲಿ ಮಾಡಿದರು. ಕೌದಿಗಳನ್ನು ಬಿಸಿಲಿಗೆ ಹಾಕಿದರು. ಹೊರಡುವ ದಿನ ಗಾಡಿಗೆ ಮೂರು ದೊಡ್ಡ ಕಲ್ಲು ಹೇರಿಸುತ್ತಿದ್ದದ್ದನ್ನು ಕಂಡು ಚಾಚಾ ಹಣೆ ಬಡಿದುಕೊಂಡರು.

"ಅಕ್ಕಾರ, ನಾವು ಹೊಂಟಿದ್ದು ಘಟ್ಟಕ್ಕರಿ. ಅಲ್ಲಿ ಇರೋದ ಬರೇ ಕಲ್ಲ!"

"ಸಿಗಲಿಲ್ಲಂದ್ರ ಒಲಿ ನಿನ್ನ ತಲಿ ಮ್ಯಾಲೆ ಹೂಡ್ಲೇನು?"

ಎರೆನಾಡಿನವರ ಬುದ್ಧಿಯೇ ಹಾಗೆ. ಅವರ ಹೊಲಗಳಲ್ಲಿ ಗುಬ್ಬಿಗೆ ಹೊಡೆಯಲೂ ಒಂದು ಕಲ್ಲು ಸಿಗುವುದಿಲ್ಲ. ಮೂರೂ ಕಲ್ಲು ಸಹ್ಯಾದ್ರಿ ನೋಡಿ ಬಂದವು.

ಘಟ್ಟ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮರುದಿನ ರೇಸು ಆ ದಾರಿಯಲ್ಲಿ ಹತ್ತುವುದಿತ್ತು. ಮೇಲೆ, ಏರಿನ ತಿರುವಿನಲ್ಲೇ ಗಾಡಿ ನಿಲ್ಲಿಸೋಣವೆಂದು ನಾನೂ ಚಾಚಾನೂ ಹೇಳಿದೆವು. ಅತ್ತೆ ಸುತಾರಾಂ ಒಪ್ಪಲಿಲ್ಲ. ಬಿಡಾರ ಎಂದರೆ ಮೊದಲು ನೀರು, ಆಮೇಲೆ ನೆರಳು, ಆಮೇಲೆ ಸಪಾಟು ನೆಲ. ಘಟ್ಟದ ಬುಡದಲ್ಲಿ ಹಳ್ಳ ಹರಿಯುತ್ತಿತ್ತು, ಮಾವಿನ ಮರಗಳಿದ್ದವು. "ಏರಿನ್ಯಾಗ ಯಾರರ ಬಿಡಾರ ಹೂಡತಾರೇನು? ಎತ್ತು ಹೆಂಗ ನಿಂದರಬೇಕು?" ಎಂದರು.

"ಅಕ್ಕಾರ, ನನ್ನ ಗಾಡೀಗೆ ಎತ್ತಿಲ್ರಿ."

"ಎತ್ತಿಲ್ಲದಿದ್ರ ಏನಾತು, ರೂಢಿ ಐತೆಲ್ಲ."

ಆ ರೂಢಿ ನಮ್ಮನ್ನು ಕೆಡಿಸಿತು. ಬೆಳಿಗ್ಗೆ ರೊಟ್ಟಿ ತಿಂದು ಗಾಡಿ ಹತ್ತುವಷ್ಟರಲ್ಲಿ ಪೊಲೀಸರು ರಸ್ತೆ ಬಂದ್ ಮಾಡಿದ್ದರು. ರೇಸು ಮುಗಿಯುವವರೆಗೆ ಒಂದು ಗಾಡಿಯೂ ಮೇಲೆ ಹೋಗುವಂತಿಲ್ಲ. ಚಾಚಾ ಮರಾಠಿಯಲ್ಲಿ ಬೇಡಿಕೊಂಡರು, ನಮ್ಮ ಮನೆಯವರು ಕೈ ಮುಗಿದರು. ಆಗಲಿಲ್ಲ. ನಾವು ನಿಂತಲ್ಲಿ ರಸ್ತೆ ಅತ್ತೆಯ ತವರು ಕುಂದಗೋಳದ ರಸ್ತೆಯಷ್ಟೇ ಸಪಾಟಾಗಿತ್ತು. ಅಷ್ಟು ದೂರ ಬಂದು ಅವರಿಗೆ ಬೇಕಾದ ಒಂದೇ ಒಂದು ವಸ್ತು, ಆ ಏರು, ಕಣ್ಣೆದುರು ಕಾಣುತ್ತಿದ್ದರೂ ಕೈಗೆ ಸಿಗದಾಗಿತ್ತು. ನನಗೆ ಅಳು ಬಂತು.

ಅತ್ತೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿದರು. "ನಡಕೊಂಡ್ ಹೋಗಬ್ಯಾಡ ಅಂತೇನೂ ಅಂದಿಲ್ಲೆಲ್ಲ ಆ ಸಾಹೇಬ?" ಎಂದು ಹೊರಟೇಬಿಟ್ಟರು. ನಾನು ನೀರಿನ ಬಾಟಲಿ ಹಿಡಿದು ಹಿಂದೆ ಓಡಿದೆ. ಗಂಡಸರು ಬಿಡಾರ ಕಾಯಲು ಉಳಿದರು.

ಗಟ್ಟಿ ಕಾಲು ಇದ್ದರೇನು, ಎದೆ ಮುದಿಯಾಗಿತ್ತು. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ತುಟಿ ಬೆಳ್ಳಗಾಯಿತು. "ಸಾಕ್ರಿ ಅತ್ತ್ಯಾರ, ಇಲ್ಲೇ ನಿಂದ್ರೂಣು," ಎಂದು ನಾನು ಅಂಗಲಾಚುತ್ತಲೇ ಇದ್ದೆ. "ಇಲ್ಲೆಲ್ಲೈತಿ ಬೇ ಏರು?" ಎಂದು ಮತ್ತೆ ನಡೆಯುವರು. ರಸ್ತೆ ಗೋಡೆಯ ಹಾಗೆ ಎದ್ದು ನಿಂತ ಒಂದು ತಿರುವು ಬಂದಾಗ ಮಾತ್ರ ಕಟ್ಟೆಗೆ ಒರಗಿ ನಿಂತರು. ಕೆಳಗಿನಿಂದ ಮೋಟಾರ್‌ಸೈಕಲ್ಲುಗಳ ಸದ್ದು ಬಂತು.

ಬಂದರು, ಹೋದರು. ಬಣ್ಣಬಣ್ಣದ ಅಂಗಿಗಳು, ಚೈನುಗಳ ಸರಸರ, ಮೈಗೆ ಬಡಿದ ಗಾಳಿ, ಅಷ್ಟೇ. ಆ ಏರನ್ನು ಅವರು ಸಪಾಟು ನೆಲದ ಹಾಗೆ ತುಳಿದು ಹೋದರು. ಒಬ್ಬನೂ ಇಳಿಯಲಿಲ್ಲ. ಅತ್ತೆಯ ಮುಖ ಬಾಡಿಹೋಯಿತು.

"ಖರೇನ ಇಳೀಲಿಲ್ಲ ನೋಡ," ಎಂದರು, ಬಹಳ ಮೆಲ್ಲಗೆ.

ಯಾಕಾದರೂ ಇವರನ್ನು ಕರೆತಂದೆವೋ ಎನಿಸಿತು ನನಗೆ. ಮನೆಯಲ್ಲಿದ್ದರೆ ಆಸೆಯಾದರೂ ಉಳಿಯುತ್ತಿತ್ತು.

ಹಿಂದೆ ಬಿದ್ದವರು ಇಬ್ಬರು ಮೂವರಾಗಿ ಬಂದು ಹೋದರು. ರಸ್ತೆ ಖಾಲಿಯಾಯಿತು. ಇಳಿಯೋಣವೆಂದು ನಾನು ಅತ್ತೆಯ ತೋಳು ಹಿಡಿಯುವಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಇನ್ನೊಬ್ಬ ಕಾಣಿಸಿದ. ಯಾವ ದೇಶದವನೋ, ಬಡಕಲು ಮೈಯ ಹುಡುಗ. ಬಾಯಿ ತೆರೆದಿತ್ತು, ಸೈಕಲ್ಲು ರಸ್ತೆಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ಹೊಯ್ದಾಡುತ್ತಿತ್ತು. ನಮ್ಮ ಎದುರಿಗೆ ಬಂದವನೇ ನಿಂತುಬಿಟ್ಟ. ಕಾಲು ಕೆಳಗಿಟ್ಟ. ಇಳಿದ. ತಲೆ ತಗ್ಗಿಸಿ ಸೈಕಲ್ಲು ತಳ್ಳತೊಡಗಿದ.

"ಇಳದಾ!" ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಬೇ, ಇಳದಾ!"

ಮರುಗಳಿಗೆ ನನ್ನ ಕೈ ಬಿಟ್ಟು ರಸ್ತೆಗೆ ಓಡಿದರು. ನಮ್ಮಲ್ಲಿ ಏರಿನಲ್ಲಿ ಹೇರು ತುಂಬಿದ ಬಂಡಿ ನಿಂತರೆ ಸುಮ್ಮನೆ ನೋಡುತ್ತ ನಿಲ್ಲುವವರಿಲ್ಲ. ಗುರುತಿರಲಿ ಇಲ್ಲದಿರಲಿ, ಹೋಗಿ ಹಿಂದಿನಿಂದ ಕೈ ಹಚ್ಚುತ್ತಾರೆ. ರೇಸಿನಲ್ಲಿ ಹಾಗೆ ಮಾಡಬಾರದೆಂದು ನನಗೆ ಗೊತ್ತಿತ್ತು. "ಅತ್ತ್ಯಾರ, ಬ್ಯಾಡ್ರಿ!" ಎಂದು ಕೂಗಿದೆ. ತಿರುವಿನಲ್ಲಿದ್ದ ಪೊಲೀಸ ಸೀಟಿ ಊದಿದ. ಹುಡುಗನ ಹಿಂದೆ ಬರುತ್ತಿದ್ದ ರೇಸಿನ ಕಾರಿನವನು ಕೈ ಬೀಸಿ ಏನೋ ಒದರಿದ. ಯಾರ ಮಾತು ಯಾರು ಕೇಳಬೇಕು? ಅತ್ತೆ ಸೈಕಲ್ಲಿನ ಸೀಟಿಗೆ ಕೈ ಹಚ್ಚಿ ನಿಂತಿದ್ದರು.

"ಹತ್ತ ಯಪ್ಪಾ, ಹತ್ತ. ನಾ ಹಿಡದೀನಿ."

ಹುಡುಗ ತಿರುಗಿ ನೋಡಿದ. ಕನ್ನಡ ಅವನಿಗೆ ಎಲ್ಲಿಂದ ಬರಬೇಕು? ಆದರೂ ಹತ್ತಿದ. ಅತ್ತೆ ನೂಕಿದರು, ಹತ್ತು ಮಾರು ಹಿಂದೆಯೇ ಓಡಿದರು. ಅವನ ಕಾಲಿಗೆ ತುಳಿತ ಸಿಕ್ಕಿತು. ತಿರುವು ದಾಟಿ ಹೋದ.

ಪೊಲೀಸನು ಬೈಯುತ್ತ ಬಂದವನು ಅತ್ತೆಯ ಉಬ್ಬಸ ಕಂಡು ತಾನೇ ತೋಳು ಹಿಡಿದು ಕಟ್ಟೆಯ ಮೇಲೆ ಕೂಡಿಸಿದ. ನಾನು ನೀರು ಕುಡಿಸಿದೆ. ಅರ್ಧ ನೀರು ಸೀರೆಗೆ ಚೆಲ್ಲಿತು. ಕಣ್ಣಿಂದ ಧಾರೆ ಹರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ನೋಡಿದೇನ ಬೇ? ಅಂವ ಇಳದಾ. ಅವನ ಸೈಕಲ್ ಯಾರೂ ಕಸಗೊಳ್ಳಲಿಲ್ಲ. ಮತ್ತ ಹತ್ತಿ ಹೋದಾ."

ಅವನು ದಾಟಿದ ತಿರುವನ್ನೇ ನೋಡುತ್ತ ಹೇಳಿದರು: "ನಾನೂ ಹತ್ತಾಕಿ ಇದ್ದೆ."

ನಾನು ಅವರನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಪಾಪ, ಆ ಪೊಲೀಸ ಏನೂ ತಿಳಿಯದೆ ದೂರ ಹೋಗಿ ನಿಂತ.

ಮರಳಿ ಬರುವಾಗ ಹುಬ್ಬಳ್ಳಿ ಸಮೀಪಿಸಿದಂತೆ ನಾನು, "ಕುಂದಗೋಳಕ್ಕ ಹೋಗಿ ನಿಮ್ಮ ಅಣ್ಣಾರಿಗೆ ಹೇಳಿ ಬರೂಣೇನ್ರಿ?" ಎಂದೆ. ನನಗೆ ಹೇಳಲೇಬೇಕೆಂಬ ಹಟವಿತ್ತು. ಅತ್ತೆ ತಲೆ ಅಲ್ಲಾಡಿಸಿದರು. "ಬ್ಯಾಡ. ಮುದುಕ ಆಗ್ಯಾನ. ಈಗ ಅವನ್ನ ಅಳಸಿ ಏನ್ ಮಾಡೋದೈತಿ?" ಎಂದವರು, ಗಾಡಿ ನಮ್ಮೂರಿನ ಕಲಘಟಗಿ ದಾರಿ ಹಿಡಿದಾಗ, "ಬರೂ ವರ್ಷ ಏರು ಎಲ್ಲಿ ಬರತೈತಿ ಮೊದಲ ನೋಡಿಡು. ಏರಿನ್ಯಾಗ ಬಿಡಾರ ಹೂಡೂಣು. ನೀರು ಕೆಳಗಿಂದ ಹೊತ್ತರಾತು," ಎಂದರು. ಚಾಚಾ ನಗುತ್ತ ಹಾರ್ನ್ ಬಾರಿಸಿದರು. ಮರುದಿನದಿಂದ ನಾನು ಕೆರೆಯ ಏರಿಗೆ ಇಳಿಯದೆ ಹೋಗತೊಡಗಿದೆ. ಅತ್ತೆ ಕೇಳಿ ತಿಳಿದುಕೊಂಡು ಸುಮ್ಮನೆ ನಗುತ್ತಿದ್ದರು.

ಆ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು, ಎದೆಗೆ ಇಳಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವರು ಜೀವಂತ ಮನೆಗೆ ಮರಳಲಿಲ್ಲ ಎಂದು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ. ಅತ್ತೆ ಸತ್ತರೆ ಸೊಸೆ ಹೀಗೆ ಹಂಬಲಿಸುವುದನ್ನು ಊರವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ನನ್ನ ಹೆತ್ತವರು ನನ್ನನ್ನು ಓದಿಸಿದರು, ಲಗ್ನ ಮಾಡಿದರು. ಇಳಿದವಳು ಮತ್ತೆ ಹತ್ತಬಹುದೆಂದು ತೋರಿಸಿದವರು ಇವರು.

ಈ ವರ್ಷದ ರೇಸಿನ ದಾರಿ ಮೊನ್ನೆ ಸಂಜೆ ಮೊಬೈಲಿನಲ್ಲಿ ಬಂತು. ಪಡಸಾಲೆಯಲ್ಲಿ ಕೂತು ಏರು ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು, ಭಾರೀ ಏರು. ಖುಷಿಯಲ್ಲಿ, "ಅತ್ತ್ಯಾರ, ಇಲ್ನೋಡ್ರಿ!" ಎಂದು ಅಡುಗೆಮನೆಯ ಕಡೆ ಕೂಗಿಬಿಟ್ಟೆ. ನಮ್ಮ ಮನೆಯವರು ಹೊರಗೆ ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಬಂದು ನನ್ನ ಬಾಜೂಕ ಕೂತರು.